ಹನ್ನೊಂದನೆಯಾಕಿ (ಭಾಗ 6)

"ನಿಮ್ಮ ಹಾಕಿ ಟೀಮ್ ಫೋಟೋ ಹಾಕು" ಅಂತ ಭಾಳ ಮಂದಿ ಕೇಳಿದ್ರಿ. ತಗೋರಿ, ಇದು ಹೋದ ವರ್ಷದ್ದು. ಎಣಿಸಿ ನೋಡ್ರಿ, ಹನ್ನೊಂದು ಮಂದಿ ಅದೀವಿ. ಈ ವರ್ಷ ಹತ್ತೇ ಮಂದಿ. ಹಂಗಾಗಿ ಟೂರ್ನಮೆಂಟ್‌ಗೆ ಹೋಗ್ಲೇ ಇಲ್ಲ.

ಎಡಗಡೆ ತುದಿಗೆ ನಿಂತಾಕಿ ಬಾದಾಮಿಯಾಕಿ, ನಮ್ಮ ಸೆಂಟರ್ ಹಾಫ್. ಬಿಕಾಂ ಮೊದಲ ವರ್ಷ ಮುಗೀತಿದ್ದಂಗ ಟಿಸಿ ತಗೊಂಡು ಬೆಂಗಳೂರಿನ ಕಾಲೇಜು ಸೇರಿದ್ಲು. ನಾನು ಗೋಲ್‌ಕೀಪರ್. ಸಿಟ್ಟಿಗೆ ಆರು ತಿಂಗಳು ಆಕಿ ಜೋಡಿ ಮಾತು ಬಿಟ್ಟಿದ್ದೆ.

ಜನವರಿಯಾಗ ಬನಶಂಕರಿ ಜಾತ್ರೆಗೆ ಬಂದಿದ್ಲು. ನಾನೂ ಇಳಕಲ್‌ನಿಂದ ಅವ್ವನ ಜೋಡಿ ಹೋಗಿದ್ದೆ. ಕೈ ಹಿಡಿದು ನಿಲ್ಲಿಸಿ ಕೇಳೇಬಿಟ್ಟೆ: "ಯಾಕ ಹೋದಿ?"

"ಇಲ್ಲಿ ಚೆಂಡು ಹರಳಿಗೆ ಬಡಿದು ಎತ್ತ ಹಾರತೈತಿ ಅಂತ ನೋಡೂದ್ರಾಗ ನನ್ನ ಆಟ ಮುಗೀತಿತ್ತು," ಅಂದ್ಲು.

ಖರೇನೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಕೃತಕ ಹುಲ್ಲಿನ ಟರ್ಫ್‌ಗೆ ಹೋತು. ಅವತ್ತು ಭಾರತಕ್ಕ ಬಂದಿದ್ದು ಏಳನೇ ಸ್ಥಾನ. ನಾವು ಇನ್ನೂ ಮಣ್ಣಾಗ ಅದೀವಿ. ಮಣ್ಣಿನ ಮ್ಯಾಲೆ ಕಲಿತಾಕಿ ನೀರು ಹೊಡೆದ ಟರ್ಫ್ ಮ್ಯಾಲೆ ಟ್ರಯಲ್ಸ್‌ಗೆ ನಿಂತ್ರೆ ಚೆಂಡಿನ ವೇಗಕ್ಕ ಕಾಲೇ ಬರೂದಿಲ್ಲ.

ಇನ್ನೊಂದು ಕಾರಣ ನೌಕರಿ. ರೈಲ್ವೆಯಂಥ ಕಡೆ ಕ್ರೀಡಾ ಕೋಟಾ ಐತಿ. ಅದಕ್ಕ ಅಂತರ ವಿಶ್ವವಿದ್ಯಾಲಯ ಮಟ್ಟದಾಗ ಆಡಿದ ಸರ್ಟಿಫಿಕೇಟ್ ಕೆಲಸಕ್ಕ ಬರತೈತಿ. ಕಾಲೇಜಿನಾಗ ಟೀಮೇ ಆಗದಿದ್ರೆ ಆಯ್ಕೆ ಮಾಡವ್ರ ಕಣ್ಣಿಗೆ ಬೀಳೂದು ಹೆಂಗ? ಮ್ಯಾಲೆ ಹಾಸ್ಟೆಲ್, ಊಟ, ದಿನಾ ಕೋಚಿಂಗ್. ಆಕಿ ಅಪ್ಪಗ ಫೀ ಕಡಿಮೆ ಆಗಿದ್ದೇ ದೊಡ್ಡದು.

ಆದ್ರ ಎಲ್ಲಾ ಚಲೋನ ಆಗಿಲ್ಲ. ಇಲ್ಲಿ ಪಾಸಾದ ಎರಡು ಪೇಪರ್ ಅಲ್ಲಿ ಲೆಕ್ಕಕ್ಕ ಬರಲಿಲ್ಲ, ಮತ್ತ ಬರೀಬೇಕು. ಇಲ್ಲಿ ಆಕಿ ಇಲ್ಲದ ಟೀಮ್ ಇರಲಿಲ್ಲ. ಅಲ್ಲಿ ಅರ್ಧ ಮ್ಯಾಚ್ ಬೆಂಚ್ ಮ್ಯಾಲೆ ಕೂತಾಳ. ಇದನ್ನ ಹೇಳುವಾಗ ನನ್ನ ಮುಖ ನೋಡಲಿಲ್ಲ, ಬಳೆ ಅಂಗಡಿ ಕಡೆ ನೋಡ್ತಿದ್ಲು.

ಅಮೆರಿಕದ ಕಾಲೇಜುಗಳಾಗ ಇದಕ್ಕಂತಲೇ 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್ ಐತಿ. ಅಲ್ಲಿ ಹುಡುಗರ ಐಸ್ ಹಾಕಿಯಾಗ ಕಾಲೇಜು ಬದಲಿಸಿದವ್ರು ಮೊದಲೆಲ್ಲ ಒಂದು ವರ್ಷ ಆಡದೇ ಕೂಡಬೇಕಿತ್ತು. 2021ರಾಗ ಮೊದಲ ಸಲ ಬದಲಿಸುವವ್ರಿಗೆ ಅದನ್ನ ತೆಗೆದ್ರು. ಅಂದ್ರ ಹೋಗೋದು ತಪ್ಪಲ್ಲ ಅಂತ ಅವ್ರೂ ಒಪ್ಪಿದ್ರು. ನಾವು ಮಾತ್ರ ಹೋದಾಕಿಗೆ "ಕೈ ಕೊಟ್ಲು" ಅಂತೀವಿ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಎಷ್ಟೋ ಮನೆಯವ್ರು ನವನಗರಕ್ಕ ಬಂದ್ರು. ಅವ್ರಿಗೆ ಯಾರಾದ್ರೂ ಹಂಗ ಅಂದ್ರೇನು?

ಈಗ ನನ್ನ ಪಾಳಿ. ಹುನಗುಂದದ ಒಬ್ಬ ಹುಡುಗಿ, ಪಿಯುಸಿ ಎರಡನೇ ವರ್ಷ, ಓಡಿದ್ರ ಹಿಡಿಯೋರಿಲ್ಲ. ಹೋದ ವಾರ ಮೆಸೇಜ್ ಮಾಡಿದ್ಲು: "ಅಕ್ಕಾ, ಡಿಗ್ರಿಗೆ ನಿಮ್ಮ ಕಾಲೇಜಿಗೇ ಬರ್ಲಿ? ಇಲ್ಲಾ ಬೆಂಗಳೂರಿಗೆ ಹೋಗ್ಲಿ?"

ಆಕಿ ಬಂದ್ರ ನಾವು ಹನ್ನೊಂದು ಮಂದಿ. ಬರೂ ವರ್ಷ ನಂದು ಕೊನೇ ವರ್ಷ.

"ಬಾ" ಅಂತ ಟೈಪ್ ಮಾಡಿ ಅಳಿಸಿದೆ. ಎರಡು ದಿನ ಉತ್ತರ ಕೊಡಲಿಲ್ಲ. ಆಮ್ಯಾಲೆ ಬರೆದೆ: "ಹೋಗು. ಆದ್ರ ಸೇರೂಕಿಂತ ಮೊದಲ ಮೂರು ಮಾತು ಕೇಳು. ನಿನ್ನ ಜಾಗದಾಗ ಆಡವ್ರು ಅಲ್ಲಿ ಎಷ್ಟು ಮಂದಿ ಅದಾರ? ಗಾಯ ಆದ್ರ ಹಾಸ್ಟೆಲ್ ಇರತೈತೋ ಇಲ್ಲೋ? ನಡುವ ವಾಪಸ್ ಬಂದ್ರ ಪೇಪರ್ ಲೆಕ್ಕಕ್ಕ ಬರತಾವೋ ಇಲ್ಲೋ?" ಬಾದಾಮಿಯಾಕಿ ನಂಬರೂ ಕೊಟ್ಟೆ.

ಇವತ್ತು ಸಂಜೀಕ ಪ್ಯಾಡ್ ಕಟ್ಕೊಂಡು ಮೈದಾನಕ್ಕ ಹೋಗಿದ್ದೆ. ಐದು ಮಂದಿ ಇದ್ವಿ, ಆಡಿದ್ವಿ.

ನೀವು ನನ್ನ ಜಾಗದಾಗ ಇದ್ದಿದ್ರ ಏನು ಹೇಳ್ತಿದ್ರಿ? ಖರೇ ಹೇಳ್ರಿ, ಕಾಮೆಂಟ್ ಓದ್ತೀನಿ.