ಆರು ಅಡಿ ಸಮುದ್ರ

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆದ ನಮ್ಮ ಜವಾನ ಒಳಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬಂದು, "ಮಾಸ್ಟ್ರೇ, ಹಾವು!" ಎಂದು ಕೂಗಿದ. ಅದು ಹಾವಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಅಲ್ಲೇ ಬಿಟ್ಟು ಓಡಿದೆ. ಗಾಜಿನ ತೊಟ್ಟಿಯಿಂದ ಹೊರಟು ಸಿಮೆಂಟು ನೆಲದ ಮೇಲೆ ಸಾಗಿದ ಒಣಗಿದ ಲೋಳೆಯ ಒಂದು ಗೆರೆ. ಗೆರೆಯ ಕೊನೆಗೆ, ರಾಸಾಯನಿಕಗಳ ಕಪಾಟಿನಡಿ, ಎರಡಡಿ ಉದ್ದದ ಹಾವುಮೀನು. ಸತ್ತು ಎಷ್ಟು ಹೊತ್ತಾಗಿತ್ತೋ. ತೊಟ್ಟಿಗೆ ಮುಚ್ಚಿದ್ದ ರಟ್ಟು ಒಂದು ಮೂಲೆಯಲ್ಲಿ ಮೂರು ಬೆರಳಿನಷ್ಟು ಸರಿದಿತ್ತು.

ನಾನು ಬೈಂದೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರು. ಮನೆ ಬ್ರಹ್ಮಾವರದಲ್ಲಿ. ದಿನಾ ಬಸ್ಸು ಕುಂದಾಪುರ ದಾಟಿ ಮರವಂತೆಗೆ ಬಂದರೆ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಹೊರಗಿನಿಂದ ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ನಾವು ತೂಕಡಿಸುತ್ತೇವೆ. ಸಮುದ್ರದ ಇಷ್ಟು ಹತ್ತಿರದ ಮಕ್ಕಳಿಗೆ ಮೀನಿನ ಪಾಠ ಮಾಡುವಾಗ ನಾನು ಇಷ್ಟು ವರ್ಷ ತೋರಿಸಿದ್ದು ಮಾತ್ರ ಫಾರ್ಮಾಲಿನ್ ಶೀಷೆಯಲ್ಲಿ ಬಿಳಚಿಕೊಂಡ ಮೀನನ್ನು.

ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ದಿನ ಪ್ಲಾಸ್ಟಿಕ್ ಕೊಡದಲ್ಲಿ ಆ ಮೀನನ್ನು ತಂದ. ಅವನ ಅಪ್ಪ ಬಂಡೆಯ ಮೇಲೆ ಕುಳಿತು ಗಾಳ ಹಾಕುವಾಗ ಸಿಕ್ಕಿದ್ದು. ಕಂದು ಮೈ, ಹಳದಿ ಚುಕ್ಕೆ. ಪುಸ್ತಕಗಳಲ್ಲಿ ಮೊರೇ ಈಲ್ ಎನ್ನುವ ಇದನ್ನು ನಮ್ಮವರು ಹಾವುಮೀನು ಎಂದು ದೂರ ಇಡುತ್ತಾರೆ. ಹುಡುಗ ಪಾಠದಲ್ಲಿ ಹಿಂದೆ. ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಆದರೆ ಕೊಡದೊಳಗೆ ಬೆರಳು ತೋರಿಸಿ, "ಇದಕ್ಕೆ ಎದೆಯ ರೆಕ್ಕೆಯೇ ಇಲ್ಲ ಸರ್, ಚಿಪ್ಪೂ ಇಲ್ಲ, ಆದ್ರೂ ಮೀನೇ ಅಲ್ದಾ?" ಎಂದು ಕೇಳಿದ. ಅಂಥ ಪ್ರಶ್ನೆ ನನ್ನ ತರಗತಿಯಲ್ಲಿ ಬಂದು ಬಹಳ ಕಾಲವಾಗಿತ್ತು.

ವಿಜ್ಞಾನ ವಸ್ತುಪ್ರದರ್ಶನಕ್ಕೆ ಹನ್ನೊಂದು ದಿನ ಉಳಿದಿತ್ತು. ನನಗೆ ಆಸೆ ಹತ್ತಿತು. ಯಾರದೋ ಮನೆಯ ಮೂರಡಿಯ ಹಳೆಯ ತೊಟ್ಟಿ ತಂದೆ, ಹೊಳೆ ಸಮುದ್ರ ಸೇರುವಲ್ಲಿಂದ ನೀರು ತರಿಸಿದೆ, ಗಾಳಿಯ ಪಂಪು ಹಚ್ಚಿದೆ. ಮೂರು ದಿನ ಇಡೀ ಶಾಲೆ ಸಾಲುಗಟ್ಟಿ ನೋಡಿತು. ಶನಿವಾರ ಸಂಜೆ ಬೀಗ ಹಾಕಿ ಮನೆಗೆ ಹೋದೆ.

ಮೀನು ಹೊರಗೆ ಹಾರಿದ್ದು ಚೇಷ್ಟೆಗಲ್ಲ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಸಮುದ್ರದಲ್ಲಿ ಅದು ಲೆಕ್ಕಕ್ಕಿಲ್ಲ. ನೂರಿನ್ನೂರು ಲೀಟರ್ ನೀರಿನಲ್ಲಿ ಅದು ವಿಷ; ಉಪ್ಪು ನೀರಿನ ಪಿಎಚ್ ಎಂಟನ್ನು ಮೀರಿರುವುದರಿಂದ ಅದರ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಇದು ಸಾರಜನಕ ಚಕ್ರ. ಇಪ್ಪತ್ತೈದು ವರ್ಷದಿಂದ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದೇನೆ. ಆದರೆ ನನ್ನ ತಲೆಯಲ್ಲಿ ಅದು ಹೊಲಕ್ಕೆ, ದ್ವಿದಳ ಧಾನ್ಯದ ಬೇರಿಗೆ ಸೇರಿದ ಪಾಠವಾಗಿತ್ತು. ಕಣ್ಣೆದುರಿನ ಗಾಜಿನ ಪೆಟ್ಟಿಗೆಯಲ್ಲಿ ಅದೇ ಚಕ್ರ ಇನ್ನೂ ತಿರುಗಲು ಶುರುವಾಗಿಲ್ಲ ಎಂದು ಹೊಳೆಯಲೇ ಇಲ್ಲ.

ಹುಡುಗ ಏನೂ ಅನ್ನಲಿಲ್ಲ. ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವನ ಮನೆಗೆ ಹೋದೆ. ಅಪ್ಪ ಬಲೆ ಹೆಣೆಯುತ್ತಿದ್ದರು. "ಮಳಿಗಾಲ್ದಗೆ ಹೊಳಿಬಾಯಿ ನೀರ್ ಅಂದ್ರೆ ಅದ್ ಹೊಳಿ ನೀರೇ ಮಾಸ್ಟ್ರೇ. ಅದ್ರಗೆ ಹಾಕಿರೆ ಅದ್ ಬದ್ಕುದ್ ಹ್ಯಾಂಗೆ?" ಎಂದರು. ಬೈಗುಳವಲ್ಲ, ಮಾಹಿತಿ. ನಮ್ಮ ಕಡೆ ಮಳೆಗಾಲದಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇದಕಗಳು ಗಂಗೊಳ್ಳಿಯ ಅಳಿವೆಗೆ ಎಷ್ಟು ಸಿಹಿನೀರು ತಂದು ಸುರಿಯುತ್ತವೆಂದು ಭೂಪಟ ನೋಡಿದವರಿಗೆಲ್ಲ ಗೊತ್ತು. ನಾನು ಹೈಡ್ರೋಮೀಟರ್ ಇಳಿಬಿಟ್ಟೂ ನೋಡಿರಲಿಲ್ಲ. ಹುಡುಗನ ಎದುರೇ ತಪ್ಪು ನನ್ನದೆಂದು ಒಪ್ಪಿಕೊಂಡೆ. ಮರುದಿನ ತರಗತಿಯಲ್ಲೂ ಹೇಳಿದೆ. ಐವತ್ತು ದಾಟಿದವನಿಗೆ ಅದು ಸುಲಭವಲ್ಲ, ಆದರೆ ಮಕ್ಕಳು ಅಂದು ಕೇಳಿದಷ್ಟು ಶ್ರದ್ಧೆಯಿಂದ ನನ್ನ ಯಾವ ಪಾಠವನ್ನೂ ಕೇಳಿರಲಿಲ್ಲ.

ಮತ್ತೆ ಮಾಡುವುದಾದರೆ ಸರಿಯಾಗಿ ಮಾಡೋಣ ಎಂದು ನಿರ್ಧಾರವಾಯಿತು. ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಹಳೆಯ ವಿದ್ಯಾರ್ಥಿಯೊಬ್ಬ ದುಡ್ಡು ಕೊಟ್ಟ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ. ಇಪ್ಪತ್ತನಾಲ್ಕು ಘನ ಅಡಿ, ಸುಮಾರು 680 ಲೀಟರ್. ನೀರಿನ ತೂಕವೇ ಏಳುನೂರು ಕಿಲೋ ಹತ್ತಿರ ಎಂದು ಲೆಕ್ಕ ಬಂದ ಮೇಲೆ ಪ್ರಯೋಗಾಲಯದ ಮರದ ಮೇಜಿನ ಆಸೆ ಬಿಟ್ಟು ನೆಲದ ಮೇಲೆಯೇ ಕಲ್ಲಿನ ಕಟ್ಟೆ ಕಟ್ಟಿಸಿದೆವು. ಮುಂದಿನ ಗಾಜಿನ ಮೇಲೆ ನೀರು ಎಷ್ಟು ಬಲ ಹಾಕುತ್ತದೆಂದು ಹತ್ತನೆಯವರಿಂದ ಲೆಕ್ಕ ಮಾಡಿಸಿದೆ. ತುಂಬಿದರೆ ಸುಮಾರು 350 ಕಿಲೋ ತೂಕದಷ್ಟು. "ಹಾಗಾದ್ರೆ ದಪ್ಪ ಗಾಜೇ ಹಾಕ್ಸಿ ಸರ್" ಎಂದು ಹುಡುಗಿಯೊಬ್ಬಳು ಹೇಳಿದಾಗ ಒತ್ತಡದ ಅಧ್ಯಾಯ ಮುಗಿಯಿತೆಂದು ತಿಳಿದೆ. ಹನ್ನೆರಡು ಮಿಲಿಮೀಟರ್ ಗಾಜು ಹಾಕಿಸಿದೆವು.

ದೊಡ್ಡ ತೊಟ್ಟಿ ಬೇಕಾದದ್ದು ಆಡಂಬರಕ್ಕಲ್ಲ. ನೀರು ಹೆಚ್ಚಿದ್ದಷ್ಟೂ ವಿಷ ತೆಳುವಾಗುತ್ತದೆ, ಬಿಸಿಲಿಗೆ ಬೇಗ ಕಾಯುವುದಿಲ್ಲ, ನಮ್ಮ ತಪ್ಪಿಗೆ ಸ್ವಲ್ಪ ಕಾಲಾವಕಾಶ ಸಿಗುತ್ತದೆ. ಮಳೆ ಕಳೆದ ಮೇಲೆ, ಅಕ್ಟೋಬರಿನಲ್ಲಿ, ಭರತದ ಹೊತ್ತಿಗೆ ಮರವಂತೆಯಿಂದ ಡ್ರಮ್ಮುಗಳಲ್ಲಿ ನೀರು ತಂದೆವು. ಹೈಡ್ರೋಮೀಟರ್ 1.024 ತೋರಿಸಿತು. ಅಡಿಗೆ ಉಪ್ಪು ಕದಡಿದರೆ ಸಾಲದೇ ಎಂದು ಕೆಲವರು ಕೇಳಿದರು. ಸಾಲದು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲ ಇವೆ. ಹಾಗೆಯೇ ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಯಾವ ನೀರು ತುಂಬಬೇಕು? ಬಹಳ ಮಕ್ಕಳು ಸಮುದ್ರದ್ದು ಎಂದರು. ನಮ್ಮ ಹುಡುಗ ಮಾತ್ರ, "ಉಪ್ಪು ಅಲ್ಲೇ ಉಳೀತದಲ್ಲ ಸರ್, ಬಾವಿ ನೀರು" ಎಂದ.

ಮೀನು ತರುವ ಮೊದಲು ತೊಟ್ಟಿಗೆ ಒಂದು ಚಟ್ಲಿ ಹಾಕಿ ಕೊಳೆಯಲು ಬಿಟ್ಟೆವು. ಕೊಳೆತದ್ದರಿಂದ ಅಮೋನಿಯಾ, ಅದನ್ನು ತಿನ್ನಲು ಬ್ಯಾಕ್ಟೀರಿಯಾ. ಅವು ಮನೆ ಮಾಡಲು ಶೋಧಕದ ಪೆಟ್ಟಿಗೆ ತುಂಬ ಚಿಪ್ಪಿನ ಚೂರು. ವಾಸನೆ ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ಹೋಗಿ, ಅವರು ಮೂಗಿಗೆ ಕರವಸ್ತ್ರ ಹಿಡಿದು ವಿಚಾರಿಸಿಕೊಂಡು ಹೋದರು. ದಿನಾ ಎರಡು ಹನಿ ಪರೀಕ್ಷಾ ದ್ರಾವಣ. ಹಳದಿ ಬಣ್ಣ ಹಸಿರಿಗೆ ತಿರುಗಿದರೆ ಅಮೋನಿಯಾ ಇದೆ. ಬರೆದಿಡುವ ಕೆಲಸ ಆ ಹುಡುಗನದ್ದು. ಗ್ರಾಫ್ ಹಾಳೆಯ ಮೇಲೆ ಮೊದಲು ಅಮೋನಿಯಾದ ಗುಡ್ಡ ಏರಿ ಇಳಿಯಿತು, ಅದು ಇಳಿಯುವಾಗ ನೈಟ್ರೈಟಿನ ಗುಡ್ಡ ಎದ್ದಿತು, ಅದೂ ಇಳಿದು ನೈಟ್ರೇಟ್ ಮೇಲೇರತೊಡಗಿತು. ಮೂವತ್ತೆಂಟು ದಿನ. ಕಣ್ಣಿಗೆ ಕಾಣುವುದು ಬರೀ ನೀರು ತುಂಬಿದ ಪೆಟ್ಟಿಗೆ. ನೋಡಲು ಬರುತ್ತಿದ್ದ ಮಕ್ಕಳು ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಉಳಿದವರು ಐದು ಮಂದಿ.

ನವೆಂಬರಿನಲ್ಲಿ ಎರಡನೆಯ ಹಾವುಮೀನು ಬಂತು. ಕಪ್ಪು ಕಲ್ಲುಗಳನ್ನು ಜೋಡಿಸಿ ನಾನು ಒಂದು ಗುಹೆ ಮಾಡಿಟ್ಟಿದ್ದೆ. ಅದು ಗುಹೆಯನ್ನು ಒಂದು ಸುತ್ತು ಮೂಸಿ, ಪಕ್ಕದಲ್ಲಿ ಬಿದ್ದಿದ್ದ ನಾಲ್ಕಿಂಚಿನ ಪಿವಿಸಿ ಪೈಪಿನೊಳಗೆ ಹೋಗಿ ಕುಳಿತಿತು. ಮತ್ತೆ ಗುಹೆಯತ್ತ ತಿರುಗಿಯೂ ನೋಡಲಿಲ್ಲ. ಮೇಲೆ ಈ ಬಾರಿ ಮರದ ಚೌಕಟ್ಟಿನ ಬಲೆ, ನಾಲ್ಕು ಕೊಂಡಿ. ಹವಳ ತಂದಿಡಬಹುದಲ್ಲ ಎಂದವರಿಗೆ ಕಾನೂನು ಹೇಳಬೇಕಾಯಿತು. ಹವಳ, ಕಡಲಕುದುರೆಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿವೆ. ಅವನ್ನು ನೋಡಬೇಕಾದರೆ ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿಯೇ ನೋಡಬೇಕು.

ಹಾವುಮೀನು ಸದಾ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ನೋಡಿದವರು ಕಚ್ಚಲು ಬರುತ್ತದೆ ಎನ್ನುತ್ತಾರೆ. ಅದು ಉಸಿರಾಟ. ಕಿವಿರಿನ ರಂಧ್ರ ಚಿಕ್ಕದು, ಬಾಯಿಂದಲೇ ನೀರು ತಳ್ಳಬೇಕು. ಹಾಗೆಂದು ಕೈ ಹಾಕಬಾರದು; ಅದಕ್ಕೆ ಕಣ್ಣು ಮಂದ, ಮೂಗು ಚುರುಕು, ಚಟ್ಲಿ ಮುಟ್ಟಿದ ಬೆರಳೂ ಚಟ್ಲಿಯೇ. ನಾವು ಉದ್ದ ಬಿದಿರಿನ ಕಡ್ಡಿಗೆ ಸಿಕ್ಕಿಸಿ ವಾರಕ್ಕೆರಡು ಸಲ ಕೊಡುತ್ತಿದ್ದೆವು. ಬಂಗುಡೆ ಕೊಟ್ಟ ದಿನ ನೀರಿನ ಮೇಲೆ ಎಣ್ಣೆ ತೇಲಿ, ಆಮೇಲೆ ಬಂಗುಡೆ ನಿಲ್ಲಿಸಿದೆವು. ಅದು ಹಿಡಿದ ತುತ್ತು ಒಂದೇ ಕ್ಷಣದಲ್ಲಿ ಒಳಗೆ ಮಾಯವಾಗುವುದರ ಗುಟ್ಟನ್ನು 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಪ್ರಕಟಿಸಿದರು. ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆ ಇದೆ. ಅದು ಮುಂದೆ ಬಂದು ತುತ್ತನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತದೆ. ಇದನ್ನು ಹೇಳಿದ ದಿನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ.

ಪೋಷಕರ ಸಭೆಯಲ್ಲಿ ಒಬ್ಬ ತಾಯಿ, "ಇದ್ರಿಂದ ಪರೀಕ್ಷೆಗೆ ಎಂತಾದ್ರೂ ಉಪ್ಯೋಗ ಇತ್ತಾ ಮಾಸ್ಟ್ರೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಾರಜನಕ ಚಕ್ರ ಬಂದರೆ ಐದು ಮಕ್ಕಳಾದರೂ ತಪ್ಪದೆ ಬರೆಯುತ್ತಾರೆ ಎಂದೆ. ಚಕ್ರ ಬರಲಿಲ್ಲ. ನಮ್ಮ ಹುಡುಗ ವಿಜ್ಞಾನದಲ್ಲಿ ಪಾಸಾದ, ಅಷ್ಟೇ. ಅವನ ದಾಖಲೆ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ, ಭಾನುವಾರ ಕೂಡ. ಕರೆಂಟು ಹೋದ ಒಂದು ರಾತ್ರಿ ಅವನೂ ಅವನಪ್ಪನೂ ಜವಾನನನ್ನು ಎಬ್ಬಿಸಿ, ಬ್ಯಾಟರಿಯ ಗಾಳಿ ಪಂಪು ಹಚ್ಚಿ ಹೋಗಿದ್ದರೆಂದು ನನಗೆ ತಿಳಿದದ್ದು ಆ ಪುಸ್ತಕದಿಂದ.

ಬೇಸಿಗೆ ರಜೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬ ಮಾತು ಮಾರ್ಚಿಯಲ್ಲಿ ಬಂತು. ನಾನು ಇಟ್ಟುಕೊಳ್ಳೋಣ ಎಂದೆ. ಹುಡುಗ ಬಿಡೋಣ ಎಂದ. ನೀರು ಇಲ್ಲಿನದೇ, ಬೇರೆ ಕಡೆಯ ಮೀನು ಯಾವುದೂ ತೊಟ್ಟಿಗೆ ಬಿದ್ದಿಲ್ಲ, ರೋಗ ಹೋಗುವ ಭಯವಿಲ್ಲ ಎಂದು ತಾನೇ ಕಾರಣ ಕೊಟ್ಟ. ಒಂದು ಇಳಿತದ ಸಂಜೆ ಬೈಂದೂರು ಸೋಮೇಶ್ವರದ ಬಂಡೆಗಳ ಹತ್ತಿರ, ಅದನ್ನು ಹಿಡಿದ ಜಾಗದಲ್ಲೇ, ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಸಮುದ್ರದ ನೀರು ಬೆರೆಸಿ, ಅರ್ಧ ಗಂಟೆ ಕಾದು, ಓರೆ ಮಾಡಿದೆವು. ಒಂದು ಬಿರುಕಿನೊಳಗೆ ಹೋಯಿತು. ತಲೆ ಮಾತ್ರ ಹೊರಗಿಟ್ಟು, ಬಾಯಿ ತೆರೆದು ಮುಚ್ಚಿ, ಸ್ವಲ್ಪ ಹೊತ್ತಿಗೆ ಅದೂ ಕಾಣದಾಯಿತು.

ತೊಟ್ಟಿಯ ನೀರು ಚೆಲ್ಲಿಲ್ಲ. ಪಂಪು ತಿರುಗುತ್ತಿದೆ. ಬ್ಯಾಕ್ಟೀರಿಯಾ ಸಾಯಬಾರದೆಂದು ಜವಾನ ವಾರಕ್ಕೊಂದು ಚಟ್ಲಿಯ ಚೂರು ಹಾಕುತ್ತಾನೆ, ಮೂಗು ಮುಚ್ಚಿಕೊಂಡು.