ಟಿವಿ ಟ್ಯೂನರ್ ಕಾರ್ಡು ಮತ್ತು ಅಪ್ಪಯ್ಯನ 'ಥಟ್ ಅಂತ ಹೇಳಿ'

ಕಳೆದ ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಲು ಹೊರಟಾಗ ಲಾಫ್ಟಿನಿಂದ ಇಳಿದ ಸಾಮಾನಿನಲ್ಲಿ ಹಳೇ ಕಂಪ್ಯೂಟರಿನ ಡಬ್ಬವೂ ಇತ್ತು. "ಇದನ್ನು ಈ ಸಲವಾದರೂ ಭಂಗಾರ್‌ವಾಲಾಗೆ ಕೊಡ್ತೀರೋ ಇಲ್ಲವೋ?" ಅಂದಳು ನನ್ನ ಹೆಂಡತಿ. (ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತಲ್ಲ, 'ಗುಜರಿ' ಅನ್ನುವ ಶಬ್ದ ಈಗ ನಮ್ಮ ಬಾಯಿಗೇ ಬರುವುದಿಲ್ಲ.) ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡೆ. ಬ್ಯಾಂಕಿನವನ ಬುದ್ಧಿ, ಏನಿದೆ ಅಂತ ನೋಡದೆ ಯಾವುದನ್ನೂ ಎಸೆಯುವುದಿಲ್ಲ.

ಆ ಡಬ್ಬದ ಕಥೆ ಸ್ವಲ್ಪ ಹೇಳಬೇಕು. 2005ರಲ್ಲಿ ಅಮ್ಮ ಹೋದ ಮೇಲೆ ಅಪ್ಪಯ್ಯನನ್ನು ಕುಂದಾಪುರದಿಂದ ನಮ್ಮ ಮುಲುಂಡಿನ ಮನೆಗೆ ಕರೆದುಕೊಂಡು ಬಂದೆ. ಹೈಸ್ಕೂಲ್ ಮಾಸ್ತರಾಗಿ ನಿವೃತ್ತರಾದವರು. ಇಲ್ಲಿ ಅವರಿಗೆ ಮಾತಾಡಲು ಯಾರೂ ಇಲ್ಲ; ಕೆಳಗೆ ಕೂರುವ ಮುದುಕರೆಲ್ಲ ಗುಜರಾತಿಗಳು. ಅವರಿಗಿದ್ದ ಆಧಾರ ಒಂದೇ, ದೂರದರ್ಶನ ಚಂದನದ 'ಥಟ್ ಅಂತ ಹೇಳಿ'. 2002ರಲ್ಲಿ ಶುರುವಾದ ಕಾರ್ಯಕ್ರಮ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುವುದು, ಸರಿ ಉತ್ತರ ಹೇಳಿದವರಿಗೆ ಪುಸ್ತಕ ಬಹುಮಾನ. ನಮ್ಮ ಕೇಬಲ್‌ನವನು ಚಂದನ ಕೊಡುತ್ತಿರಲಿಲ್ಲ. ಗಲ್ಲಿಯ ಹೋಟೆಲಿನವರು, ನಾವು, ಇನ್ನೆರಡು ಮನೆಯವರು ಸೇರಿ ಬೆನ್ನು ಬಿದ್ದ ಮೇಲೆ ಕೊಟ್ಟ. ಅದೂ ಕೊನೆಯ ಚಾನೆಲ್ಲಿನಲ್ಲಿ, ಅರ್ಧ ಮಂಜು ಮುಸುಕಿದ ಹಾಗೆ!

ಅಪ್ಪಯ್ಯನಿಗೆ ನನ್ನ ಜೊತೆ ಕೂತು ನೋಡುವ ಆಸೆ. ನಾನೋ ಫೋರ್ಟಿನ ಬ್ರಾಂಚಿನಲ್ಲಿ ದಿನದ ಲೆಕ್ಕ ಮುಗಿಸಿ ಲೋಕಲ್ ಹಿಡಿದು ಮನೆ ಮುಟ್ಟುವಾಗ ಕಾರ್ಯಕ್ರಮ ಮುಗಿಯುತ್ತಾ ಬಂದಿರುತ್ತಿತ್ತು. ಆಗ ನನ್ನ ತಲೆಗೆ ಹೊಕ್ಕಿದ್ದೇ ರೆಕಾರ್ಡಿಂಗ್ ಹುಚ್ಚು.

ಈಗಿನ ಹುಡುಗರಿಗೆ ಟಿವಿ ಟ್ಯೂನರ್ ಕಾರ್ಡ್ ಅಂದರೆ ಗೊತ್ತಿರಲಿಕ್ಕಿಲ್ಲ. ಕಂಪ್ಯೂಟರಿನ ಒಳಗೆ ಕೂರಿಸುವ ಒಂದು ಹಲಗೆ. ಹಿಂದಿನಿಂದ ಕೇಬಲ್ ವೈರು ಸಿಕ್ಕಿಸಿದರೆ ಟಿವಿ ಬರುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಸಿ ಮಾಡಿ ತಂದೆ. ಮೈಕ್ರೋಸಾಫ್ಟಿನ 'ಮೀಡಿಯಾ ಸೆಂಟರ್' ವಿಂಡೋಸ್ ಆಗಲೇ ಇತ್ತು. ಆದರೆ ಅದು ಹೆಚ್ಚಾಗಿ ಹೊಸ ಕಂಪ್ಯೂಟರಿನ ಜೊತೆಗೇ ಬರುತ್ತಿತ್ತು, ಮತ್ತು ಚಿತ್ರವನ್ನು ತಾನೇ ಎಂಪೆಗ್-2 ಮಾಡಿಕೊಡುವ ದುಬಾರಿ ಕಾರ್ಡನ್ನೇ ಕೇಳುತ್ತಿತ್ತು. ನನ್ನದು ಅಗ್ಗದ, ಬಿಟಿ878 ಚಿಪ್ಪಿನ ಕಾರ್ಡು. ನಮ್ಮ ಆಫೀಸಿನ ಸಿಸ್ಟಮ್ಸ್ ವಿಭಾಗದ ಮರಾಠಿ ಹುಡುಗನೊಬ್ಬ 'ಮಿಥ್ ಟಿವಿ' ಅನ್ನುವ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟ. ಐಸಾಕ್ ರಿಚರ್ಡ್ಸ್ ಅನ್ನುವ ಅಮೆರಿಕನ್ 2002ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ದೇಶದ ಪಟ್ಟಿಯಲ್ಲಿ ಪಶ್ಚಿಮ ಯುರೋಪ್ ಅಂತ ಆರಿಸಿದ ಮೇಲೆ ಚಾನೆಲ್‌ಗಳು ಸಿಕ್ಕಿದವು, ಅವರದೂ ನಮ್ಮ ಹಾಗೆ 625 ಗೆರೆಯ ಪಾಲ್ ಪದ್ಧತಿ ತಾನೇ. ಅರ್ಧ ಗಂಟೆಗೆ ಅರ್ಧ ಗಿಗಾಬೈಟ್ ಹಿಡಿಯುತ್ತಿತ್ತು. 80 ಗಿಗಾಬೈಟಿನ ಡಿಸ್ಕ್ ತುಂಬಿದರೆ ಹಳೆಯದನ್ನು ಅದೇ ಅಳಿಸುತ್ತಿತ್ತು, ನಾವು 'ಅಳಿಸಬೇಡ' ಎಂದು ಗುರುತು ಹಾಕದಿದ್ದರೆ.

ಕೇಬಲನ್ನು ಎರಡು ಮಾಡಿ ಒಂದನ್ನು ಟಿವಿಗೆ, ಇನ್ನೊಂದನ್ನು ಕಂಪ್ಯೂಟರಿಗೆ ಕೊಟ್ಟೆ. ಅಪ್ಪಯ್ಯ ಟಿವಿಯಲ್ಲಿ ನೋಡುವುದು, ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್ ತನ್ನಷ್ಟಕ್ಕೆ ರೆಕಾರ್ಡ್ ಮಾಡುವುದು. ನಾನು ಭಾನುವಾರ ಎಲ್ಲ ಒಟ್ಟಿಗೆ ನೋಡುವುದು ಅಂತ ಏರ್ಪಾಡು. ಎಷ್ಟು ಭಾನುವಾರ ನೋಡಿದೆ ಅಂತ ಮಾತ್ರ ಕೇಳಬೇಡಿ.

ಈ ಅಗ್ಗದ ಕಾರ್ಡಿನಲ್ಲಿ ಒಂದು ಉಪದ್ರ ಇತ್ತು. ಚಿತ್ರ ಕಾರ್ಡಿನಿಂದ ನೇರ ಬರುತ್ತದೆ, ಶಬ್ದ ಬರುವುದಿಲ್ಲ! ಅದಕ್ಕೆ ಒಂದು ಗೇಣು ವೈರು ಹಾಕಿ ಸೌಂಡ್ ಕಾರ್ಡಿನ 'ಲೈನ್-ಇನ್' ತೂತಿಗೆ ಸೇರಿಸಬೇಕು, ರೆಕಾರ್ಡಿಂಗ್ ಅಲ್ಲಿಂದಲೇ ಆಗಲಿ ಅಂತ ಹೇಳಬೇಕು. ನಮ್ಮ ಮೇಜಿನ ಮೇಲೆ ಒಂದು ಮೈಕೂ ಇತ್ತು, ಭಾನುವಾರ ಬೆಳಿಗ್ಗೆ ವಿಂಡೋಸಿಗೆ ಹೋಗಿ ಅಮೆರಿಕದ ತಮ್ಮನ ಜೊತೆ ಮಾತಾಡಲು. ಯಾವಾಗಲೋ ಏನೋ ಸೆಟ್ಟಿಂಗ್ ಬದಲಾಗಿ, ಲೈನ್-ಇನ್ ಬದಲು ಮೈಕಿನ ಶಬ್ದ ರೆಕಾರ್ಡ್ ಆಗತೊಡಗಿತು. ನನಗೆ ಗೊತ್ತಾದದ್ದು ಒಂದೂವರೆ ತಿಂಗಳ ಮೇಲೆ. ಹಾಕಿ ನೋಡಿದರೆ ಸೋಮೇಶ್ವರ ಅವರ ದನಿ ಬಾವಿಯೊಳಗಿಂದ ಬಂದ ಹಾಗೆ, ಅದರ ಮೇಲೆ ಕುಕ್ಕರಿನ ಸೀಟಿ. ಸಿಟ್ಟು ಬಂತು. ಎಲ್ಲ ಹಾಳಾಯಿತು ಅಂತ ಒಂದೊಂದೇ ಅಳಿಸುತ್ತಾ ಹೋದೆ.

ಅಪ್ಪಯ್ಯ ನೋಡುತ್ತಾ ಕೂತಿದ್ದರು. "ಅದ್ರಲ್ಲಿ ನಾಕು ಚಲೋ ಇತ್ತು ಮಾರಾಯ, ಇಟ್ಕೊ" ಅಂದರು.

"ಶಬ್ದವೇ ಸರಿ ಇಲ್ಲ ಅಪ್ಪಯ್ಯ."

"ಇರ್ಲಿ. ಚಿತ್ರ ಕಾಣ್ತಲ್ದಾ."

ತಾರೀಕು ಅವರಿಗೆ ನೆನಪಿತ್ತು. ಫೈಲಿನ ಹೆಸರೇ ತಾರೀಕು, ಗಂಟೆ. ಹುಡುಕಿ ನಾಲ್ಕಕ್ಕೆ ಗುರುತು ಹಾಕಿಟ್ಟೆ. ಮತ್ತೆ ತೆರೆದು ನೋಡಲಿಲ್ಲ.

2009ರಲ್ಲಿ ಅಪ್ಪಯ್ಯ ಹೋದರು. 2012ರ ಅಕ್ಟೋಬರ್ 31ರ ರಾತ್ರಿ ಮುಂಬಯಿಯಲ್ಲಿ ಹಳೇ ಅನಲಾಗ್ ಕೇಬಲ್ ಬಂದ್ ಆಗಿ ಎಲ್ಲರ ಮನೆಗೆ ಸೆಟ್ ಟಾಪ್ ಬಾಕ್ಸ್ ಬಂತು. ಆ ಕಾರ್ಡಿಗೆ ಹಿಡಿಯಲು ಏನೂ ಉಳಿಯಲಿಲ್ಲ, ಡಬ್ಬ ಲಾಫ್ಟ್ ಸೇರಿತು. ಮೈಕ್ರೋಸಾಫ್ಟ್ ಕೂಡ 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನು ಕೈಬಿಟ್ಟಿತು. ಇರಲಿ.

ಡಿಸ್ಕನ್ನು ಮಗಳು ಯಾವುದೋ ಅಡಾಪ್ಟರ್ ತರಿಸಿ ಲ್ಯಾಪ್‌ಟಾಪಿಗೆ ಜೋಡಿಸಿದಳು. ಅದೇ ನಾಲ್ಕು ಫೈಲು, 2006ರವು. ವಿಎಲ್‌ಸಿಯಲ್ಲಿ ಮೊದಲನೆಯದು ತೆರೆಯಿತು.

ಚಿತ್ರ ಮಂಜು ಮಂಜು. ಆದರೆ ಅಪ್ಪಯ್ಯನ ದನಿ ಕಿವಿಯ ಪಕ್ಕದಲ್ಲೇ! ಮೈಕಿನ ಹತ್ತಿರದ ಕುರ್ಚಿ ಅವರದೇ ಆಗಿತ್ತಲ್ಲ. ಕೆಮ್ಮು, ಕವಳದ ಪೆಟ್ಟಿಗೆಯ ಮುಚ್ಚಳದ ಸದ್ದು, ಸ್ಪರ್ಧಿಗಳಿಗೆ ಬೈಗುಳ. "ಶರಾವತಿ! ಶರಾವತಿ ಅನ್ ಮಾರಾಯ್ತಿ, ಇಷ್ಟೂ ಗೊತ್ತಿಲ್ಯಾ?" ತಮ್ಮ ಉತ್ತರ ಎಂದೂ ತಪ್ಪಿಲ್ಲ ಅಂತ ಅವರ ಹೆಮ್ಮೆ. ಗಮನವಿಟ್ಟು ಕೇಳಿದರೆ, ಕೆಲವು ಸಲ ಅಲ್ಲಿ ಸರಿಯುತ್ತರ ಹೇಳಿಯಾದ ಮೇಲೆ ಇವರ "ಅದೇ, ನಾ ಹೇಳಿದ್ದಲ್ದಾ" ಬರುತ್ತದೆ. ನಾನೂ ಹೆಂಡತಿಯೂ ನಕ್ಕೂ ನಕ್ಕೂ ಸುಸ್ತಾದೆವು. ಹಿಂದೆ ಎಲ್ಲೋ ಪುಟ್ಟ ಮಗಳು ಮರಾಠಿಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದಾಳೆ. ಅವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ.

ಮೂರನೆಯ ಫೈಲಿನ ಕೊನೆಗೆ ಬಾಗಿಲ ಬೆಲ್ಲು. ಚಪ್ಪಲಿ ಬಿಡುವ ಸದ್ದು. ನಾನು ಬಂದೆ ಅಂತ ಆಯಿತು.

"ಬಂದ್ಯಾ? ಇನ್ನೂ ಐದ್ ನಿಮಿಷ ಇತ್ತ್, ಕೂತ್ಕೊ. ಇವತ್ತಿಂದ್ ಬಾರೀ ಲಾಯ್ಕ್ ಇತ್ತ್."

"ಅದಕ್ಕೇ ಅಲ್ವಾ ಅಪ್ಪಯ್ಯ ರೆಕಾರ್ಡಿಗೆ ಇಟ್ಟದ್ದು? ಭಾನುವಾರ ನೋಡ್ತೇನೆ."

ಬೈದದ್ದಲ್ಲ. ಆದರೆ ಕೌಂಟರಿನಲ್ಲಿ ನಾಲ್ಕು ಗಂಟೆಯ ಮೇಲೆ ಬಂದ ಗಿರಾಕಿಗೆ 'ನಾಳೆ ಬನ್ನಿ' ಅನ್ನುವಾಗ ಬರುತ್ತದಲ್ಲ, ಆ ದನಿ. ಅಪ್ಪಯ್ಯ "ಹೂಂ" ಅಂದರು. ಆಮೇಲೆ ಐದು ನಿಮಿಷ ಅವರು ಒಂದು ಉತ್ತರವನ್ನೂ ಹೇಳಲಿಲ್ಲ. ಟಿವಿಯದ್ದು ಮಾತ್ರ ಕೇಳುತ್ತದೆ.

ಮಗಳು ಅಲ್ಲಿಗೆ ನಿಲ್ಲಿಸಿದಳು. ನಾನು ಬೇಡ, ಪೂರ್ತಿ ಆಗಲಿ ಅಂದೆ.

ಕುಂದಾಪುರದ ಅಕ್ಕನಿಗೆ ಶಬ್ದವನ್ನಷ್ಟೇ ಬೇರೆ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಆ ಕೊನೆಯ ಐದು ನಿಮಿಷವನ್ನೂ ಕತ್ತರಿಸದೆ. ಎರಡು ದಿನ ಆಯಿತು, ನೀಲಿ ಗೆರೆ ಬಂದಿದೆ, ಫೋನ್ ಬಂದಿಲ್ಲ. ನಾಲ್ಕನೆಯ ಫೈಲು ತೆರೆಯುತ್ತಿಲ್ಲ. ಡಿಸ್ಕ್ ಟಕ್ ಟಕ್ ಅನ್ನುತ್ತಿದೆ. ಈ ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಮತ್ತೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಡೇಟಾ ತೆಗೆಯುವವರನ್ನು ಹುಡುಕಬೇಕು. ನಿಮಗೆ ಯಾರಾದರೂ ನಂಬಿಕಸ್ಥರು ಗೊತ್ತಿದ್ದರೆ ಹೇಳಿ.