ಉಪ್ಪುಸರೋವರದ ಊರಿನಲ್ಲಿ ನೃತ್ಯದ ಕಾಲೇಜು

ಅಮೆರಿಕದ ಯೂಟಾ ಸಂಸ್ಥಾನದ ರಾಜಧಾನಿ ಸಾಲ್ಟ್ ಲೇಕ್ ಸಿಟಿ ನಮ್ಮ ಮಡಿಕೇರಿಗಿಂತಲೂ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 4,300 ಅಡಿ. ಪೂರ್ವಕ್ಕೆ ವಾಸಾಚ್ ಪರ್ವತಗಳ ಸಾಲು. ವಾಯವ್ಯಕ್ಕೆ, ಊರಿಗೆ ಹೆಸರು ಕೊಟ್ಟ ಉಪ್ಪಿನ ಸರೋವರ. ಚಳಿಗಾಲದಲ್ಲಿ ಪ್ರವಾಸಿಗರು ಇಲ್ಲಿಗೆ ಬರುವುದು ಹಿಮದ ಮೇಲೆ ಜಾರುವುದಕ್ಕೆ. ನಾನು ಹೋದದ್ದು ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಅಕ್ಕನೊಡನೆ, ಆಕೆಯ ಮಗಳಿಗೊಂದು ಕಾಲೇಜು ನೋಡುವ ಸಲುವಾಗಿ. ಹುಡುಗಿ ಕಲಿತಿರುವುದು ಭರತನಾಟ್ಯವಲ್ಲ, ಬ್ಯಾಲೆ.

ಈ ವಿದ್ಯೆಯಲ್ಲಿ ವಯಸ್ಸು ಬಲು ನಿಷ್ಠುರ. ಹದಿನೆಂಟರ ಹೊತ್ತಿಗೇ ಅನೇಕರು ವೃತ್ತಿಮಂಡಲಿಗಳನ್ನು ಸೇರುತ್ತಾರೆ. ಮೂವತ್ತೈದರ ಆಸುಪಾಸಿನಲ್ಲಿ ಹೆಚ್ಚಿನವರು ಗೆಜ್ಜೆ ಬಿಚ್ಚುತ್ತಾರೆ. (ಬ್ಯಾಲೆಗೆ ಗೆಜ್ಜೆಯಿಲ್ಲ, ಮಾತಿಗೆ ಹಾಗೆನ್ನೋಣ.) ಇಷ್ಟು ಕಿರಿದಾದ ಆಯುಷ್ಯದಲ್ಲಿ ನಾಲ್ಕು ವರ್ಷ ಪದವಿಗೆ ತೆರುವುದೆಂದರೆ ಹುಡುಗಾಟವೇ? "ಕಾಲು ನಡೆಯೋ ತನಕ ಕುಣಿಯಲಿ. ಆಮೇಲೆ ಕೈಯಲ್ಲೊಂದು ಡಿಗ್ರಿ ಬೇಡವೇನೋ?" ಎಂದು ಅಕ್ಕ. ಮಗಳಿಗೆ ಬೇಕಾದದ್ದು ರಂಗಸ್ಥಳ.

ಇವೆರಡನ್ನೂ ಕೂಡಿಸಿದವರು ವಿಲಮ್ ಕ್ರಿಸ್ಟೆನ್ಸೆನ್. 1902ರಲ್ಲಿ ಯೂಟಾದ ಬ್ರಿಗಮ್ ಸಿಟಿಯಲ್ಲಿ ಹುಟ್ಟಿದವರು. ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ನೃತ್ಯರೂಪಕವನ್ನು ಅಮೆರಿಕದ ಮಂಡಲಿಯೊಂದು ಮೊದಲ ಸಲ ಸಂಪೂರ್ಣವಾಗಿ ಆಡಿದ್ದು 1944ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಇವರ ಸಂಯೋಜನೆಯಲ್ಲಿ. 1951ರಲ್ಲಿ ತವರಿಗೆ ಮರಳಿ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಬ್ಯಾಲೆ ಶಿಕ್ಷಣವನ್ನು ಆರಂಭಿಸಿದರು. ಆ ದೇಶದ ವಿಶ್ವವಿದ್ಯಾನಿಲಯಗಳ ಬ್ಯಾಲೆ ವಿಭಾಗಗಳಲ್ಲಿ ಮೊದಲನೆಯದೆಂದು ಅದಕ್ಕೆ ಹೆಸರು. 1963ರಲ್ಲಿ ವೃತ್ತಿಮಂಡಲಿಯೊಂದನ್ನೂ ಕಟ್ಟಿದರು. ಅದೇ ಈಗಿನ 'ಬ್ಯಾಲೆ ವೆಸ್ಟ್'. ಪೇಟೆಯಲ್ಲಿ 1913ರಷ್ಟು ಹಳೆಯದಾದ ಕ್ಯಾಪಿಟಲ್ ಥಿಯೇಟರ್ ಅದರ ಮನೆ.

ಊರೂ ಅಂಥದೇ. 1847ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಮಾರ್ಮನ್ ಪಂಥದವರು 1862ರಲ್ಲೇ ದೊಡ್ಡ ನಾಟಕಶಾಲೆಯೊಂದನ್ನು ಎಬ್ಬಿಸಿದರು. ಅವರಿಗೆ ಮದ್ಯ ನಿಷಿದ್ಧ, ಚಹ ಕಾಫಿ ನಿಷಿದ್ಧ. ನೃತ್ಯ ಮಾತ್ರ ನಿಷಿದ್ಧವಲ್ಲ. ಕಾಫಿಯಿಲ್ಲದೆ ಕುಣಿಯಬಲ್ಲ ಜನರನ್ನು ಕಂಡು ಮೈಸೂರು ಸೀಮೆಯವನಾದ ನನಗೆ ಆದ ಬೆರಗನ್ನು ಹೇಳಲಾರೆ.

ಬೆಟ್ಟದ ಬುಡದ ವಿಶ್ವವಿದ್ಯಾನಿಲಯಕ್ಕೆ ಪೇಟೆಯಿಂದ ಟ್ರಾಮಿನಂಥ ರೈಲು ಏರಿ ಹೋಗುತ್ತದೆ. ಅಕ್ಕ ಪಠ್ಯಕ್ರಮದ ಹಾಳೆಗಳನ್ನು ತಿರುವುತ್ತಿದ್ದಳು. ಹುಡುಗಿ ತರಗತಿಯ ಬಾಗಿಲಲ್ಲಿ ನಿಂತು, ಅಂಗಾಲಿನಿಂದ ನೆಲವನ್ನು ಮೆಲ್ಲಗೆ ಒತ್ತಿ ನೋಡಿದಳು. ಕೆಳಗೆ ಬರಿಯ ಕಾಂಕ್ರೀಟಾದರೆ ಮೊಳಕಾಲು ಉಳಿಯದಂತೆ. ಮರದ ನೆಲ ತುಸು ಬಳುಕಬೇಕು. ಒಳಗೆ ಪಿಯಾನೋ ನುಡಿಯುತ್ತಿತ್ತು. ಗೋಡೆಯ ಬದಿಯ ಸರಳು ಹಿಡಿದು ನಿಂತ ಹುಡುಗಿಯರ ಕಾಲುಗಳು ಸೊಂಟದಿಂದಲೇ ಹೊರಕ್ಕೆ ತಿರುಗಿದ್ದವು. ನಮ್ಮ ಅರೆಮಂಡಿಯ ನೆನಪಾಯಿತು.

ಹೊರಬಂದ ವಿದ್ಯಾರ್ಥಿನಿಯೊಬ್ಬಳನ್ನು ನಮ್ಮ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ಮೊದಲ ವರ್ಷದವರಿಗೆ ರಂಗವೇರುವ ಸರದಿ ಎಷ್ಟು ಸಲ ಬರುತ್ತದೆ? ನನ್ನ ಮಟ್ಟಿಗೆ ಎಲ್ಲ ಕಾಲೇಜುಗಳಲ್ಲೂ ಮೊದಲು ಕೇಳಬೇಕಾದದ್ದು ಇದನ್ನೇ. ಪಕ್ಕದಲ್ಲಿ ಹೆಸರಾಂತ ಮಂಡಲಿಯಿದ್ದ ಮಾತ್ರಕ್ಕೆ ವಿದ್ಯಾರ್ಥಿಗೆ ಪಾತ್ರ ಸಿಕ್ಕೀತೆಂದಿಲ್ಲ. ಹಿಂದಿನ ವರ್ಷಗಳಲ್ಲಿ ಪದವಿ ಪಡೆದವರು ಈಗ ಎಲ್ಲಿ ನರ್ತಿಸುತ್ತಿದ್ದಾರೆಂದೂ ವಿಚಾರಿಸಬೇಕು.

ಸಂಜೆಯ ರೈಲಿನಲ್ಲಿ ತಾಯಿ ಮಗಳು ಒಪ್ಪಂದಕ್ಕೆ ಬಂದರು. ಒಂದು ಅರ್ಜಿ ಇಲ್ಲಿಗೆ. ಇನ್ನೊಂದು, ಬ್ಯಾಲೆ ವಿಭಾಗ ಸಂಗೀತಶಾಲೆಯೊಳಗೇ ಇರುವ ಬ್ಲೂಮಿಂಗ್‌ಟನ್ನಿನ ಇಂಡಿಯಾನ ವಿಶ್ವವಿದ್ಯಾನಿಲಯಕ್ಕೆ. ಎರಡೂ ಕಡೆ ಅಂಕಪಟ್ಟಿ ಸಾಲದು, ಕುಣಿದು ತೋರಿಸಬೇಕು. "ಮಾವ, ಆಡಿಷನ್ ದಿನ ನೀವು ಬರಬೇಡಿ," ಎಂದಳು ಹುಡುಗಿ, "ನನಗೆ ನಗು ಬರುತ್ತೆ."